ಗಾಯಕನಿಗೆ ತಕ್ಕ ಸ್ಮಾರಕ

ಚಿತ್ರಕಾರನು ತೀರಿಕೊಂಡರೂ ಅವನ ಚಿತ್ರ ಗೋಡೆಯ ಮೇಲಿರುತ್ತದೆ. ಗಾಯಕನ ಕಂಠವಾದರೋ ಅವನೊಡನೆಯೇ ಹೋಗುತ್ತದೆ. ಧ್ವನಿಮುದ್ರಿಕೆಯಲ್ಲಿ ಹಾಡು ಉಳಿದೀತು. ವಿದ್ಯೆ ಉಳಿಯಬೇಕಾದರೆ ಅದನ್ನು ಕಲಿತವರು ಇರಬೇಕು. ಹಾಗಾದರೆ ಗಾಯಕನಿಗೆ ತಕ್ಕ ಸ್ಮಾರಕ ಯಾವುದು?

ಪಾಶ್ಚಾತ್ಯ ದೇಶಗಳಲ್ಲಿ ‘ಆಪೆರಾ’ ಎಂಬ ಸಂಗೀತ ನಾಟಕವುಂಟು. ಅದರಲ್ಲಿ ಪಾತ್ರಧಾರಿಗಳು ಮಾತನ್ನೂ ಹಾಡಿಯೇ ಹೇಳುತ್ತಾರೆ. ಅಮೆರಿಕದ ಪ್ರಸಿದ್ಧ ಆಪೆರಾ ಗಾಯಕ ರಿಚರ್ಡ್ ಟಕ್ಕರ್ 1975ರಲ್ಲಿ ನಿಧನರಾದರು. ಅದೇ ವರ್ಷ ಅವರ ಮನೆಯವರೂ ಸ್ನೇಹಿತರೂ ಸೇರಿ ಅವರ ಹೆಸರಿನಲ್ಲಿ ಒಂದು ಪ್ರತಿಷ್ಠಾನವನ್ನು ಸ್ಥಾಪಿಸಿದರು. ಹೊಸ ಗಾಯಕರಿಗೆ ಧನಸಹಾಯ ನೀಡುವುದೇ ಅದರ ಉದ್ದೇಶ.

ನಮ್ಮ ಕನ್ನಡ ನಾಡಿನಲ್ಲಿ ಇಂಥ ಕಾರ್ಯ ಅದಕ್ಕಿಂತ ಬಹಳ ಮೊದಲೇ ನಡೆದಿದೆ. ಗದಗಿನ ವೀರೇಶ್ವರ ಪುಣ್ಯಾಶ್ರಮವೇ ಅದಕ್ಕೆ ಸಾಕ್ಷಿ.

ಪಂಚಾಕ್ಷರಿ ಗವಾಯಿಗಳು 1892ರಲ್ಲಿ ಹಾನಗಲ್ಲು ತಾಲ್ಲೂಕಿನಲ್ಲಿ ಜನಿಸಿದರು. ಅವರಿಗೆ ಹುಟ್ಟಿನಿಂದಲೇ ಕಣ್ಣಿರಲಿಲ್ಲ. ಹಾನಗಲ್ಲ ಕುಮಾರಸ್ವಾಮಿಗಳ ಆಶ್ರಯದಲ್ಲಿ ಬೆಳೆದು, ಕರ್ನಾಟಕ ಮತ್ತು ಹಿಂದೂಸ್ತಾನಿ ಎರಡು ಪದ್ಧತಿಗಳಲ್ಲಿಯೂ ಪಾಂಡಿತ್ಯ ಪಡೆದರು. ಕಲಿತ ವಿದ್ಯೆಯನ್ನು ತಮ್ಮಲ್ಲಿಯೇ ಇಟ್ಟುಕೊಳ್ಳದೆ, ಅಂಧ ಮಕ್ಕಳನ್ನೂ ಬಡ ಮಕ್ಕಳನ್ನೂ ಕೂಡಿಸಿಕೊಂಡು ಅನ್ನವನ್ನೂ ವಿದ್ಯೆಯನ್ನೂ ಕೊಟ್ಟರು. ಮುಂದೆ ಹೆಸರಾಂತ ಗಾಯಕರಾದ ಬಸವರಾಜ ರಾಜಗುರು ಅವರ ಶಿಷ್ಯರೇ.

1944ರಲ್ಲಿ ಗವಾಯಿಗಳು ಲಿಂಗೈಕ್ಯರಾದರು. ಅಷ್ಟು ಮಕ್ಕಳ ಊಟ, ಬಟ್ಟೆ, ಪಾಠಗಳ ಭಾರ ಶಿಷ್ಯರಾದ ಪುಟ್ಟರಾಜ ಗವಾಯಿಗಳ ಹೆಗಲಿಗೆ ಬಿತ್ತು. ಅವರೂ ಶೈಶವದಲ್ಲಿಯೇ ದೃಷ್ಟಿ ಕಳೆದುಕೊಂಡವರು. ಆಶ್ರಮದ ಖರ್ಚಿಗಾಗಿ ಗುರುಗಳ ಹೆಸರಿನ ನಾಟ್ಯಸಂಘವನ್ನು ನಡೆಸಿದರು; ತಾವೇ ನಾಟಕ ಬರೆದು ಸಂಗೀತ ಕೂಡಿಸಿದರು. ಟಿಕೆಟ್ಟಿನ ಹಣ ಮಕ್ಕಳ ಅನ್ನವಾಯಿತು. ಭಕ್ತರು ನಡೆಸಿದ ತುಲಾಭಾರದ ಕಾಣಿಕೆಯೂ ಆಶ್ರಮಕ್ಕೇ ಸಂದಿತು. 2010ರಲ್ಲಿ ಅವರಿಗೆ ಪದ್ಮಭೂಷಣ ಪ್ರಶಸ್ತಿ ದೊರೆಯಿತು. ಅದೇ ವರ್ಷ ಸೆಪ್ಟೆಂಬರ್ 17ರಂದು ತಮ್ಮ 96ನೆಯ ವಯಸ್ಸಿನಲ್ಲಿ ಅವರು ಲಿಂಗೈಕ್ಯರಾದರು. ಗುರುಗಳು ಹೋದ ಮೇಲೆ 66 ವರ್ಷ ಅವರ ದೀಪ ಆರದಂತೆ ಕಾದಿದ್ದರು.

ಕಣ್ಣಿಲ್ಲದವರು ಸಂಗೀತ ಕಲಿಯುವುದು ಹೇಗೆ? ತಂಬೂರಿಯ ಶ್ರುತಿಯೇ ಅವರಿಗೆ ದಾರಿ. ಗುರು ಒಂದು ಸಾಲು ಹಾಡಿದರೆ ಶಿಷ್ಯನು ಕೇಳಿ ಹಾಗೆಯೇ ಹಾಡುತ್ತಾನೆ; ತಪ್ಪಿದರೆ ಮತ್ತೆ ಹಾಡುತ್ತಾನೆ. ತಬಲದ ಬೋಲುಗಳನ್ನು ಮೊದಲು ಬಾಯಲ್ಲಿ ಹೇಳಿ, ಬಳಿಕ ಬೆರಳಿಗೆ ಇಳಿಸುತ್ತಾನೆ. ಇದಕ್ಕೆ ಬೇಕಾದುದು ಕಿವಿ, ನೆನಪು, ತಾಳ್ಮೆ. ಹೀಗೆ ಕಲಿತವನು ಸಂಗೀತ ಶಿಕ್ಷಕನಾಗಿಯೋ ವಾದ್ಯಗಾರನಾಗಿಯೋ ತನ್ನ ಅನ್ನವನ್ನು ತಾನೇ ದುಡಿಯಬಲ್ಲನು. ಭಿಕ್ಷೆಗೂ ವಿದ್ಯೆಗೂ ಇರುವ ಅಂತರ ಇದೇ.

ವಿದ್ಯಾರ್ಥಿಗಳೇ, ಪೋಷಕರೇ, ಬಾಗಲೂರಿನ ಸುತ್ತಿನ ಹಳ್ಳಿಗಳಲ್ಲಿ ಕಣ್ಣು ಕಾಣದ ಮಗು ಇದ್ದರೆ ಅದನ್ನು ಮನೆಯ ಮೂಲೆಯಲ್ಲಿ ಕೂರಿಸಬೇಡಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಂತೆ ಇಂಥ ಮಕ್ಕಳಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ಶಾಲೆಯ ಉಪಾಧ್ಯಾಯರಿಗೆ ತಿಳಿಸಿರಿ. ಗಾಯಕನಿಗೆ ತಕ್ಕ ಸ್ಮಾರಕ ಅವನ ವಿದ್ಯೆಯನ್ನು ಕಲಿತು ನಿಂತ ಮಗುವೇ.