ಯಡಹಳ್ಳಿಯ ಕಾಲುದಾರಿಯ ಅಡವಿ ಹೂಗಳು

ಹೂ ಎಂದೊಡನೆ ನಮ್ಮ ಮನಸ್ಸು ಮಲೆನಾಡಿನತ್ತ ಹೊರಳುತ್ತದೆ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಹೆಸರೆತ್ತಿದರೆ ಕಬ್ಬು, ಜೋಳ, ಮಗ್ಗಗಳು ನೆನಪಾಗುವವೇ ಹೊರತು ಹೂಗಳಲ್ಲ. ಈ ಭಾವನೆ ಸರಿಯಾದುದಲ್ಲವೆಂದು ತೋರಿಸುವುದೇ ಈ ಕಿರುಲೇಖನದ ಉದ್ದೇಶ.

ಮುಧೋಳ, ಬೀಳಗಿ ತಾಲೂಕುಗಳ ಗುಡ್ಡಗಳಲ್ಲಿ ಯಡಹಳ್ಳಿ ಚಿಂಕಾರ ವನ್ಯಜೀವಿಧಾಮವಿದೆ. ಸುಮಾರು 96 ಚದರ ಕಿಲೋಮೀಟರಿನಷ್ಟು ಕುರುಚಲು ಕಾಡನ್ನು ಸರಕಾರವು 2016ರಲ್ಲಿ ಚಿಂಕಾರವೆಂಬ ಹುಲ್ಲೆಯ ರಕ್ಷಣೆಗಾಗಿ ಕಾಯ್ದಿರಿಸಿತು. ಒಳಗೆ ಹೋಗಲು ಅರಣ್ಯ ಇಲಾಖೆಯ ಅಪ್ಪಣೆ ಬೇಕು. ಆದರೆ ಅಂಚಿನ ಹಳ್ಳಿಗಳ ಕಾಲುದಾರಿಯಲ್ಲಿ, ಮಳೆ ಹಿಂದೆಗೆದ ಭಾದ್ರಪದದ ಮುಂಜಾನೆ ಅರ್ಧ ಮೈಲು ನಡೆದರೂ ನೋಡುವವನಿಗೆ ಬೇಕಾದಷ್ಟು ಪಾಠವಿದೆ.

ಮೊದಲು ಕಣ್ಣಿಗೆ ಬೀಳುವುದು ತಂಗಡಿ. ಇದನ್ನು ಆವರಿಕೆಯೆಂದೂ ಕರೆಯುವರು. ಇದರ ತೊಗಟೆ ಹಿಂದೆ ಚರ್ಮ ಹದಮಾಡಲು ಬಳಕೆಯಾಗುತ್ತಿತ್ತು. ಇದರ ಹಳದಿ ಹೂವಿನಲ್ಲಿ ಜೇನಿಲ್ಲ. ದುಂಬಿ ಬರುವುದು ಪರಾಗಕ್ಕಾಗಿ. ಆ ಪರಾಗವೂ ಕೇಸರದ ತುದಿಯ ಸಣ್ಣ ರಂಧ್ರದೊಳಗಿದೆ. ದುಂಬಿ ಹೂವನ್ನು ಅಪ್ಪಿಹಿಡಿದು ಮೈ ನಡುಗಿಸಿ ಝೇಂಕರಿಸಿದಾಗ ಅದು ಪುಡಿಯಾಗಿ ಉದುರುತ್ತದೆ.

ನೆಲಕ್ಕಂಟಿದ ನೀಲಿಯ ಚುಕ್ಕೆಯೇ ವಿಷ್ಣುಕ್ರಾಂತಿ. ಮುಂಜಾನೆ ಅರಳಿ, ಬಿಸಿಲೇರಿದ ಮೇಲೆ ಮುದುಡುತ್ತದೆ. ಎಲೆಯ ಮೇಲಿನ ನವಿರು ರೋಮಗಳು ತೇವ ಆರಿಹೋಗುವುದನ್ನು ತಡೆಯುತ್ತವೆ. ಪಕ್ಕದಲ್ಲಿಯೇ ಶಿವನಿಗೆ ಪ್ರಿಯವೆನ್ನುವ ಬಿಳಿಯ ತುಂಬೆ. ಅದರ ಕೆಳತುಟಿಯೇ ಕೀಟ ಬಂದಿಳಿಯುವ ಕಟ್ಟೆ. ಬರಿಗಾಲಿಗೆ ಚುಚ್ಚುವ ನೆಗ್ಗಿಲು ಮುಳ್ಳೂ ಕೇವಲ ಉಪದ್ರವವಲ್ಲ. ಪ್ರಾಣಿಗಳ ಗೊರಸಿಗಂಟಿ ಬೀಜವನ್ನು ದೂರ ಸಾಗಿಸುವ ಉಪಾಯವದು.

ಬೇಲಿಯನ್ನೇರಿದ ಗೌರಿಹೂವಿನ ಬಳ್ಳಿಯು ಎಲೆಯ ತುದಿಯನ್ನೇ ಕೊಕ್ಕೆಯಾಗಿಸಿ ಆಸರೆ ಹಿಡಿಯುತ್ತದೆ. ಅದರ ಆರು ದಳಗಳು ಹಳದಿಯಿಂದ ಕೆಂಪಿಗೆ ತಿರುಗುವುದರಿಂದ ಅಗ್ನಿಶಿಖೆಯೆಂಬ ಹೆಸರು ಸಾರ್ಥಕವಾಗಿದೆ. ಇದರ ಗಡ್ಡೆಯಲ್ಲಿರುವ ಕೋಲ್ಚಿಸಿನ್ ಘೋರ ವಿಷ. ಅದೇ ದ್ರವ್ಯ ತಕ್ಕ ಪ್ರಮಾಣದಲ್ಲಿ ಕೀಲುನೋವಿನ ಒಂದು ರೋಗಕ್ಕೆ ಔಷಧ.

ಆದರೆ ಈ ದಾರಿಯಲ್ಲಿ ಇನ್ನೊಂದು ಬಿಳಿ ಹೂವೂ ಇದೆ. ಅದು ಕಾಂಗ್ರೆಸ್ ಕಸ. ಅಮೆರಿಕ ಖಂಡದ ಈ ಗಿಡ 1950ರ ದಶಕದ ನಡುವೆ ಪುಣೆಯಲ್ಲಿ ಗಮನಕ್ಕೆ ಬಂದು, ಬಳಿಕ ದೇಶವನ್ನೇ ಆವರಿಸಿತು. ದನಗಳು ಇದನ್ನು ಮೇಯಲೊಲ್ಲವು. ಒಂದೊಂದು ಗಿಡವೂ ಸಾವಿರಾರು ಬೀಜ ಉದುರಿಸುತ್ತದೆ. ಇದನ್ನು ತಿನ್ನುವ ಮೆಕ್ಸಿಕೋದ ಜೀರುಂಡೆಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಡಲಾಯಿತು. ಆದರೂ ಕಸ ಅಳಿದಿಲ್ಲ. ಅದು ಹಬ್ಬಿದಲ್ಲಿ ತುಂಬೆ, ವಿಷ್ಣುಕ್ರಾಂತಿಗಳಿಗೆ ನೆಲೆಯಿಲ್ಲ.

ಕಲಾ ವಿಭಾಗದ ವಿದ್ಯಾರ್ಥಿಗೆ ಈ ಗಿಡಗಳ ಗೊಡವೆ ಏಕೆಂದು ಕೆಲವರು ಕೇಳಬಹುದು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಅಕ್ಷರ ಬಾರದ ನಮ್ಮವ್ವ ಆಡು ಮೇಯಿಸುತ್ತ ಕಲಿತ ಇಪ್ಪತ್ತು ಗಿಡಗಳ ಹೆಸರನ್ನು ತಡವರಿಸದೆ ಹೇಳುತ್ತಾಳೆ. ಯಾವುದನ್ನು ಆಡು ಮುಟ್ಟದು, ಯಾವುದನ್ನು ಗಾಯಕ್ಕೆ ಹಚ್ಚುವರು ಎಂಬುದೂ ಅವಳಿಗೆ ಗೊತ್ತು. ಪದವಿ ಪಡೆಯಲಿರುವ ನನಗೆ ಬರುವುದು ಅದರ ಅರ್ಧ ಮಾತ್ರ. ಒಂದು ಹೆಸರು ಮರೆತರೆ ಒಂದು ಶಬ್ದವಷ್ಟೇ ಅಲ್ಲ, ಅದರ ಹಿಂದಿನ ಅನುಭವವೂ ಮರೆಯಾಗುತ್ತದೆ. ಆದುದರಿಂದ ಇದು ಭಾಷೆಯ ಅಭ್ಯಾಸವೂ ಹೌದು.

ಒಕ್ಕಲುತನಕ್ಕೂ ಇದರ ಸಂಬಂಧವಿದೆ. ಸೂರ್ಯಕಾಂತಿ ಕಾಳು ಕಟ್ಟಲು ಜೇನ್ನೊಣ ಬೇಕು. ಬೆಳೆಯಲ್ಲಿ ಹೂವಿಲ್ಲದ ದಿನಗಳಲ್ಲಿ ಆ ನೊಣಗಳನ್ನು ಸಾಕುವವು ಬದುವಿನ ಹೂಗಳೇ. ವನ್ಯಜೀವಿಧಾಮದ ಗಡಿಯೊಳಗೆ ಕಾಯ್ದೆಯ ಕಾವಲಿದೆ. ಹೊರಗೆ ನಮ್ಮ ಹೊಲದ ಬದುಗಳನ್ನು ಉತ್ತು, ಕಳೆನಾಶಕ ಸಿಂಪಡಿಸಿದರೆ ಕೇಳುವವರಾರು?

ಅದಕ್ಕಾಗಿ ಸಹಪಾಠಿಗಳಲ್ಲಿ ನನ್ನದೊಂದು ವಿನಂತಿ. ಈ ರಜೆಯಲ್ಲಿ ಪ್ರತಿಯೊಬ್ಬರೂ ತಮ್ಮೂರಿನ ಹಿರಿಯರಿಂದ ಹತ್ತು ಅಡವಿ ಹೂಗಳ ಹೆಸರು, ಅರಳುವ ತಿಂಗಳು, ಬಳಕೆಗಳನ್ನು ಕೇಳಿ ಬರೆದು ತರಬೇಕು. ಅಧ್ಯಾಪಕರು ತಿದ್ದಿಕೊಟ್ಟರೆ ನಾಲ್ಕೂ ತಾಲೂಕುಗಳ ಒಂದು ಹೂಪಟ್ಟಿ ನಮ್ಮ ಗ್ರಂಥಾಲಯದಲ್ಲಿ ಉಳಿಯುವುದು. ಗಿಡವನ್ನು ಕಿತ್ತು ತರುವುದು ಬೇಡ. ಹೆಸರನ್ನು ತಂದರೆ ಸಾಕು.