ಸರಕಾರದ ಹಣ, ಸಮಾಜದ ಶಾಲೆ



ಕಳೆದ ವರ್ಷದ ರಕ್ಷಕ-ಶಿಕ್ಷಕ ಸಭೆಯಲ್ಲಿ ಪೋಷಕರೊಬ್ಬರು ಎದ್ದು ನಿಂತು, "ಮಾಷ್ಟ್ರೇ, ಶಾಲೆ ಸಂಘದ್ದು, ಸಂಬಳ ಸರಕಾರದ್ದು. ಹಾಗಿರುವಾಗ ನಾವು ಕೇಳಬೇಕಾದುದು ಯಾರನ್ನು?" ಎಂದರು. ಸಭೆ ನಕ್ಕಿತು. ಆದರೆ ಪ್ರಶ್ನೆ ನಗುವಂತಹದಲ್ಲ. ಇದೇ ಪ್ರಶ್ನೆಯ ಸುತ್ತ ನಮ್ಮ ಕೇರಳ ರಾಜ್ಯದ ರಾಜಕಾರಣ ಒಮ್ಮೆ ಬುಡಸಹಿತ ಅಲುಗಾಡಿತ್ತು. ಆ ಕಥೆಯನ್ನು ತಿಳಿಯದೆ ನಮ್ಮ ನಾಮಫಲಕದಲ್ಲಿರುವ 'ಅನುದಾನಿತ' ಎಂಬ ಪದದ ಅರ್ಥವಾಗದು.

ಅನುದಾನ ಪದ್ಧತಿ ಹೊಸದಲ್ಲ. 1854ರಲ್ಲಿ ಚಾರ್ಲ್ಸ್ ವುಡ್ ಎಂಬವನು ಇಂಗ್ಲೆಂಡಿನಿಂದ ಕಳುಹಿಸಿದ ಶಿಕ್ಷಣ ನಿರೂಪದಲ್ಲಿ ಇದರ ಬೀಜವಿದೆ. ಎಲ್ಲ ಶಾಲೆಗಳನ್ನೂ ತಾನೇ ಕಟ್ಟುವ ವೆಚ್ಚವನ್ನು ಹೊರಲು ಸಿದ್ಧವಿಲ್ಲದ ಆಡಳಿತವು, ಖಾಸಗಿಯವರು ಕಟ್ಟಿದ ಶಾಲೆಗಳಿಗೆ ನೆರವು ಕೊಡುವ ದಾರಿಯನ್ನು ಹಿಡಿಯಿತು. ಸ್ಥಳೀಯ ಆಡಳಿತ ಚೆನ್ನಾಗಿರಬೇಕು, ಸರಕಾರದ ತನಿಖೆಗೆ ಶಾಲೆ ತೆರೆದಿರಬೇಕು ಎಂಬುವು ಅದರ ನಿಬಂಧನೆಗಳು. ಹಣ ಕೊಟ್ಟವನು ಲೆಕ್ಕ ಕೇಳುವನೆಂಬ ನಿಯಮವು ಹೀಗೆ ಅನುದಾನದೊಡನೆಯೇ ಹುಟ್ಟಿತು.

1956ರ ನವೆಂಬರ್ 1ರಂದು ಕಾಸರಗೋಡು ದಕ್ಷಿಣ ಕನ್ನಡದಿಂದ ಬೇರ್ಪಟ್ಟು ಕೇರಳಕ್ಕೆ ಸೇರಿತು. ಮರುವರ್ಷ ಇ. ಎಂ. ಎಸ್. ನಂಬೂದಿರಿಪಾಡರ ಮಂತ್ರಿಮಂಡಲ ಅಧಿಕಾರಕ್ಕೆ ಬಂದಿತು. ಶಿಕ್ಷಣ ಮಂತ್ರಿ ಜೋಸೆಫ್ ಮುಂಡಶ್ಶೇರಿಯವರು 1957ರಲ್ಲಿ ಕೇರಳ ಶಿಕ್ಷಣ ಮಸೂದೆಯನ್ನು ಮಂಡಿಸಿದರು. ಗ್ರಾಂಟು ಮೇನೇಜರರ ಕೈಸೇರಿದ ಬಳಿಕ, ಸಹಿ ಹಾಕಿದ ಮೊತ್ತವೇ ಬೇರೆ, ಕೈಗೆ ಸಿಕ್ಕಿದ ಮೊತ್ತವೇ ಬೇರೆ ಎಂಬುದು ಅಂದಿನ ಅನೇಕ ಅಧ್ಯಾಪಕರ ದೂರು. ಮಸೂದೆಯು ಸಂಬಳವನ್ನು ಸರಕಾರವೇ ನೇರವಾಗಿ ಅಥವಾ ಮುಖ್ಯೋಪಾಧ್ಯಾಯರ ಮೂಲಕ ಕೊಡಬೇಕೆಂದಿತು. ಇಷ್ಟರಲ್ಲಿ ನಿಲ್ಲದೆ, ಅಧ್ಯಾಪಕರನ್ನು ಲೋಕಸೇವಾ ಆಯೋಗವು ಆರಿಸಿದ ಪಟ್ಟಿಯಿಂದಲೇ ನೇಮಿಸಬೇಕು, ಕರ್ತವ್ಯಲೋಪವಾದಲ್ಲಿ ಶಾಲೆಯ ಆಡಳಿತವನ್ನು ಸರಕಾರ ವಹಿಸಿಕೊಳ್ಳಬಹುದು ಎಂದೂ ಹೇಳಿತು.

ಇಲ್ಲಿಯೇ ಸಂಘರ್ಷ ಮೊಳೆಯಿತು. ರಾಷ್ಟ್ರಪತಿಗಳು ಮಸೂದೆಯ ಕುರಿತು ಸರ್ವೋಚ್ಚ ನ್ಯಾಯಾಲಯದ ಅಭಿಪ್ರಾಯ ಕೇಳಿದರು. 1958ರ ಮೇ 22ರಂದು ಮುಖ್ಯ ನ್ಯಾಯಮೂರ್ತಿ ಎಸ್. ಆರ್. ದಾಸರ ಪೀಠ ಅಭಿಪ್ರಾಯ ನೀಡಿತು. ಮಸೂದೆ ತಿದ್ದುಪಡಿಗೊಂಡು 1959ರಲ್ಲಿ ಕಾಯಿದೆಯಾಯಿತು. ಅಷ್ಟರಲ್ಲಿ ಮನ್ನತ್ತು ಪದ್ಮನಾಭನ್ ಅವರ ಮುಂದಾಳುತನದಲ್ಲಿ, ಕ್ರೈಸ್ತ ಸಭೆಗಳೂ ವಿರೋಧ ಪಕ್ಷಗಳೂ ಕೂಡಿಕೊಂಡ 'ವಿಮೋಚನಾ ಸಮರ' ಭುಗಿಲೆದ್ದಿತು. ಭೂಸುಧಾರಣೆಯೇ ಮೊದಲಾದ ಬೇರೆ ಕಾರಣಗಳೂ ಅದಕ್ಕಿದ್ದುವು. 1959ರ ಜುಲೈ 31ರಂದು ಕೇಂದ್ರವು ಮಂತ್ರಿಮಂಡಲವನ್ನು ವಜಾಗೊಳಿಸಿತು. 1960ರ ತಿದ್ದುಪಡಿಯಿಂದ, ನಿಗದಿತ ಅರ್ಹತೆಯುಳ್ಳವರನ್ನು ನೇಮಿಸುವ ಅಧಿಕಾರ ಪುನಃ ಮೇನೇಜರರಿಗೆ ಬಂದಿತು. ಸಂಬಳ ಸರಕಾರದ್ದು, ನೇಮಕ ಆಡಳಿತದ್ದು ಎಂಬ ಈ ಏರ್ಪಾಡೇ ಇಂದಿಗೂ ನಡೆದಿದೆ.

ಸರ್ವೋಚ್ಚ ನ್ಯಾಯಾಲಯದ ಮಾತು ನಮಗೇಕೆ ಮುಖ್ಯ? ಸಂವಿಧಾನದ 30ನೆಯ ಅನುಚ್ಛೇದವು ಮತೀಯ ಅಲ್ಪಸಂಖ್ಯಾತರಿಗೆ ಮಾತ್ರವಲ್ಲದೆ ಭಾಷಾ ಅಲ್ಪಸಂಖ್ಯಾತರಿಗೂ ತಮ್ಮ ಶಾಲೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕನ್ನು ಕೊಟ್ಟಿದೆ. ಅಲ್ಪಸಂಖ್ಯಾತರು ಯಾರೆಂಬುದನ್ನು ರಾಜ್ಯವಾರು ನೋಡಬೇಕೆಂದು 2002ರಲ್ಲಿ 11 ನ್ಯಾಯಮೂರ್ತಿಗಳ ಪೀಠ ತೀರ್ಮಾನಿಸಿತು. ಆದುದರಿಂದ ಕೇರಳದ ಕನ್ನಡಿಗರಿಗೂ ಈ ಹಕ್ಕು ಸಲ್ಲುತ್ತದೆ. 1958ರ ಅಭಿಪ್ರಾಯದ ಸಾರವು ಎರಡು ಮಾತುಗಳಲ್ಲಿದೆ: ಅನುದಾನ ಕೊಡುವ ಸರಕಾರ ನ್ಯಾಯವಾದ ನಿಬಂಧನೆಗಳನ್ನು ಹಾಕಬಹುದು, ಏಕೆಂದರೆ ಆಡಳಿತದ ಹಕ್ಕೆಂದರೆ ದುರಾಡಳಿತದ ಹಕ್ಕಲ್ಲ, ಆದರೆ ಹಕ್ಕನ್ನೇ ಒಪ್ಪಿಸಿಬಿಡಬೇಕೆಂಬ ಷರತ್ತಿನ ಮೇಲೆ ಅನುದಾನ ಕೊಡುವಂತಿಲ್ಲ.

ಇನ್ನು ವಾದಗಳನ್ನು ತೂಗಿ ನೋಡೋಣ. ನೇಮಕವೂ ಆಯೋಗದಿಂದಲೇ ಆಗಲಿ ಎಂಬವರ ಮಾತಿನಲ್ಲಿ ಸತ್ಯವಿದೆ. ಹುದ್ದೆಗೆ ಬೆಲೆ ಕಟ್ಟುವ ಆಡಳಿತಗಳಿವೆಯೆಂಬ ಅಪವಾದ ನಮ್ಮ ರಾಜ್ಯದಲ್ಲಿ ಹಳೆಯದು. ಜಾಣನಾದ ಬಡ ಅಭ್ಯರ್ಥಿ ಅಂತಹ ಬಾಗಿಲಲ್ಲಿ ನಿಲ್ಲಲಾರ. ಪ್ರಜೆಗಳ ತೆರಿಗೆಯಿಂದ ಸಂಬಳ ಬರುವ ಹುದ್ದೆ ಹರಾಜಿನ ವಸ್ತುವಾಗುವುದನ್ನು ಯಾವ ನ್ಯಾಯವೂ ಸಮರ್ಥಿಸದು.

ಆದರೆ ಮತ್ತೊಂದು ಮಗ್ಗುಲಿದೆ. ಸರಕಾರಿ ಶಾಲೆಗಳ ಕನ್ನಡ ವಿಭಾಗಕ್ಕೆ ಕನ್ನಡವರಿಯದ ಅಧ್ಯಾಪಕರು ನೇಮಕಗೊಂಡುದರ ವಿರುದ್ಧ ನಮ್ಮ ಜಿಲ್ಲೆಯಲ್ಲಿ ಪೋಷಕರೂ ಮಕ್ಕಳೂ ಪ್ರತಿಭಟಿಸಬೇಕಾಯಿತು. ಗಣಿತದ ಮೇಷ್ಟ್ರು ಹೇಳಿದುದು ತಿಳಿಯದೆ ಕುಳಿತ ಮಗುವಿಗೆ, ಆ ಮೇಷ್ಟ್ರು ಎಷ್ಟು ಅಂಕ ಪಡೆದು ಆಯ್ಕೆಯಾದರೆಂಬುದರಿಂದ ಏನು ಪ್ರಯೋಜನ? ಮೇನೇಜರರ ನೇಮಕದಲ್ಲಿ, ಅವರು ಮನಸ್ಸು ಮಾಡಿದರೆ, ಕನ್ನಡದಲ್ಲಿ ಕಲಿತು ಕನ್ನಡದಲ್ಲಿ ಕಲಿಸಬಲ್ಲವರನ್ನು ಆರಿಸುವುದು ಸಾಧ್ಯ. ನಮಗೆ 30ನೆಯ ಅನುಚ್ಛೇದದ ಬೆಲೆ ಇರುವುದು ಇಲ್ಲಿ.

ಆದುದರಿಂದ ನಮ್ಮ ಅಭಿಪ್ರಾಯವಿದು. ನೇಮಕದ ಹಕ್ಕನ್ನು ಕನ್ನಡ ಶಾಲೆಗಳು ಬಿಡಬಾರದು. ಆದರೆ ಅದನ್ನು ಬೆಳಕಿನಲ್ಲಿ ಚಲಾಯಿಸಬೇಕು. ಖಾಲಿ ಹುದ್ದೆಯನ್ನು ಪತ್ರಿಕೆಯಲ್ಲಿ ಪ್ರಕಟಿಸಲಿ. ಅಭ್ಯರ್ಥಿಯು ತರಗತಿಯಲ್ಲಿ ಕನ್ನಡದಲ್ಲೊಂದು ಪಾಠ ಮಾಡಿ ತೋರಿಸಲಿ. ಆಯ್ಕೆಯ ಕಾರಣವನ್ನು ಸಂಘದ ಸಭೆಯಲ್ಲಿ ಹೇಳಲಿ. ಹಕ್ಕನ್ನು ಕಾಸಿಗೆ ಮಾರಿದ ದಿನ, ಅದನ್ನು ಕಿತ್ತುಕೊಳ್ಳುವವರಿಗೆ ನಾವೇ ಕಾರಣ ಒದಗಿಸಿದಂತಾಗುವುದು. ನಮ್ಮ ಸಂಘಕ್ಕೂ ಈ ಮಾತನ್ನು ವಿನಯದಿಂದ ಅರಿಕೆ ಮಾಡಿಕೊಳ್ಳುತ್ತೇವೆ.

ಪೋಷಕರ ಪಾಲೂ ಕಡಿಮೆಯಲ್ಲ. ಜೂನಿನಲ್ಲಿ ಶಾಲೆ ತೆರೆದ ಆರನೆಯ ಕೆಲಸದ ದಿನ ತೆಗೆಯುವ ಮಕ್ಕಳ ಲೆಕ್ಕದ ಮೇಲೆ ಆ ವರ್ಷದ ಹುದ್ದೆಗಳು ನಿರ್ಧಾರವಾಗುತ್ತವೆ. ಮಕ್ಕಳು ಕಡಿಮೆಯಾದರೆ 'ಡಿವಿಜನ್ ಫಾಲ್'. ತರಗತಿ ಹೋಯಿತು, ಅದರೊಡನೆ ಅಧ್ಯಾಪಕರ ಹುದ್ದೆಯೂ ಹೋಯಿತು. ಸಂವಿಧಾನ ಶಾಲೆಯನ್ನು ನಡೆಸುವ ಹಕ್ಕನ್ನು ಕೊಡಬಲ್ಲದು. ಬೆಂಚಿನ ಮೇಲೆ ಮಗುವನ್ನು ಕೂರಿಸಲಾರದು. ಆ ಕೆಲಸ ತಾಯ್ತಂದೆಗಳದು.

ಆ ಪೋಷಕರಿಗೆ ಅಂದು ಕೊಡದ ಉತ್ತರವನ್ನು ಇಂದು ಕೊಡುತ್ತೇವೆ. ಸಂಬಳದ ವಿಷಯ ಸರಕಾರವನ್ನು ಕೇಳಿರಿ, ನೇಮಕದ ವಿಷಯ ಸಂಘವನ್ನು ಕೇಳಿರಿ, ಪಾಠದ ವಿಷಯ ನಮ್ಮನ್ನು ಕೇಳಿರಿ. ಕೇಳುವ ಅಧಿಕಾರ ನಿಮಗಿದೆ, ಏಕೆಂದರೆ ಹಣವೂ ನಿಮ್ಮದೇ, ಮಕ್ಕಳೂ ನಿಮ್ಮವರೇ.

ವಿದ್ಯಾರ್ಥಿಗಳು ಮನೆಯಲ್ಲಿ ಹಿರಿಯರೊಡನೆ ಚರ್ಚಿಸಬೇಕಾದ ಪ್ರಶ್ನೆಗಳು:

1. 1957ರ ಮಸೂದೆಯ ಯಾವ ಅಂಶ ಇಂದೂ ಉಳಿದಿದೆ? ಯಾವುದು 1960ರಲ್ಲಿ ಬದಲಾಯಿತು?

2. ಹಕ್ಕಿಗೂ ದುರಾಡಳಿತಕ್ಕೂ ನಡುವಿನ ಗೆರೆ ಎಲ್ಲಿದೆ? ಒಂದು ಉದಾಹರಣೆ ಕೊಡಿರಿ.

3. ನಿಮ್ಮ ತರಗತಿಯಲ್ಲಿ ಐದು ಮಕ್ಕಳು ಕಡಿಮೆಯಾದರೆ ಶಾಲೆಗೆ ಏನಾಗಬಹುದು?