ಕಿತ್ತು ನೆಟ್ಟ ತೆಂಗಿನ ಸಸಿಯ ಆರೈಕೆ

ಒಟ್ಲುಪಾತಿಯಿಂದ ಕಿತ್ತು ತಂದು ನೆಟ್ಟ ತೆಂಗಿನ ಸಸಿಯ ಗರಿಗಳು ಕೆಲವೇ ದಿನಗಳಲ್ಲಿ ಬಾಡಿ ಹಳದಿಗೆ ತಿರುಗುವುದುಂಟು. ಆಗ ಗೃಹಸ್ಥನು ಗಾಬರಿಗೊಂಡು ಕೊಡಗಟ್ಟಲೆ ನೀರು ಸುರಿಯುವನು, ಗೊಬ್ಬರವನ್ನು ಹಾಕುವನು. ಇಲ್ಲವೆ ಸತ್ತಿತೆಂದು ಕಿತ್ತೊಗೆಯುವನು. ಈ ಮೂರೂ ಸಲ್ಲದು.

ಜಾವಗಲ್ ಸೀಮೆಯ ಒಕ್ಕಲುಮನೆಗಳಿಗೆ ತೆಂಗೇ ಆಧಾರ. 2016-17ರ ಬರಗಾಲದಲ್ಲಿ ಅರಸೀಕೆರೆ ತಾಲ್ಲೂಕಿನ ಎಷ್ಟೋ ತೋಟಗಳು ಒಣಗಿದುವು. ಅಲ್ಲಿ ಮತ್ತೆ ನೆಡುವ ಎತ್ತರದ ತಳಿಯು ಫಲಕ್ಕೆ ಬರಲು 6ರಿಂದ 8 ವರ್ಷಗಳು ಬೇಕು. ಸಸಿಯೊಂದು ನಷ್ಟವಾದರೆ ಅಷ್ಟು ಕಾಲದ ಎಣಿಕೆ ಮೊದಲಿನಿಂದ ಆರಂಭವಾಗುವುದು.

ಸಸಿಯು ಬಾಡುವುದೇಕೆ? ಕೀಳುವಾಗ ಬೇರುಗಳು ಕಡಿದುಹೋಗುವುವು. ಗರಿಗಳು ಮಾತ್ರ ಮೊದಲಿನಂತೆಯೇ ನೀರನ್ನು ಆವಿಯಾಗಿ ಬಿಡುತ್ತಿರುವುವು. ಆದಾಯವು ತಗ್ಗಿ ವೆಚ್ಚವು ತಗ್ಗದ ಸಂಸಾರದಂತೆ ಇದರ ಸ್ಥಿತಿ. ಬುಡದ ಕಾಯಿಯೊಳಗಿನ ತಿರುಳು ಹೊಸ ಬೇರು ಬರುವವರೆಗೆ ಸಸಿಯನ್ನು ಪೋಷಿಸುವುದು. ಆದಕಾರಣ ಕಾಯಿಯನ್ನು ಎಂದಿಗೂ ಬೇರ್ಪಡಿಸಬಾರದು. ಸಸಿಯನ್ನು ಗರಿ ಹಿಡಿದು ಎಳೆಯಲೂಬಾರದು.

ಇನ್ನು ಮಾಡತಕ್ಕ ಕ್ರಮವನ್ನು ವಾಚಕರು ಗಮನಿಸಬೇಕು. ಕಿತ್ತ ಸಸಿಯನ್ನು ನೆರಳಿನಲ್ಲಿರಿಸಿ ಬೇಗನೆ ನೆಡಬೇಕು. ಗುಣಿಯ ತಳದಲ್ಲಿ ತೆಂಗಿನ ಮಟ್ಟೆಗಳನ್ನು ಒಳಮೈ ಮೇಲಾಗುವಂತೆ ಎರಡು ವರಸೆ ಹರಡಿದರೆ ತೇವವು ಬಹುಕಾಲ ನಿಲ್ಲುವುದು. ನೆಟ್ಟಮೇಲೆ ಬುಡದ ಮಣ್ಣನ್ನು ಗಟ್ಟಿಯಾಗಿ ಮೆಟ್ಟಿ, ಗಾಳಿಗೆ ಅಲುಗದಂತೆ ಕೋಲು ಕಟ್ಟಬೇಕು. ಅಲುಗಿದಾಗಲೆಲ್ಲ ಎಳೆಯ ಬೇರು ಹರಿಯುವುದು. ಗರಿಗಳು ಹೊರಡುವ ಕುತ್ತಿಗೆಯು ಮಣ್ಣಿನಲ್ಲಿ ಹೂತಿರಬಾರದು. ಮಳೆಯಲ್ಲಿ ಮಣ್ಣು ಕೊಚ್ಚಿಬಂದು ಅಲ್ಲಿ ತುಂಬಿದರೆ ತೆಗೆದುಹಾಕತಕ್ಕದ್ದು.

ಮೊದಲ ಬೇಸಗೆಯಲ್ಲಿ ಹೆಣೆದ ಗರಿಗಳಿಂದ ನೆರಳು ಮಾಡಿ, ನಾಲ್ಕು ದಿನಗಳಿಗೊಮ್ಮೆ ಸುಮಾರು 45 ಲೀಟರು ನೀರು ಕೊಡುವುದು ಯುಕ್ತ. ನೀರು ನಿಂತರೆ ಬೇರಿಗೆ ಗಾಳಿಯಿಲ್ಲದೆ ಕೊಳೆಯುವುದು. ರಾಸಾಯನಿಕ ಗೊಬ್ಬರಕ್ಕೆ ಮೂರು ತಿಂಗಳು ತಡೆಯಿರಿ. ಬೇರಿಲ್ಲದ ಸಸಿಗೆ ಯೂರಿಯಾ ಹಾಕುವುದು ಜ್ವರದಿಂದೆದ್ದವನಿಗೆ ಹಬ್ಬದೂಟ ಬಡಿಸಿದಂತೆ.

ಸಸಿಯು ಉಳಿಯಿತೇ ಎಂಬುದನ್ನು ಹಳೆಯ ಗರಿಗಳಿಂದ ನಿರ್ಣಯಿಸಬಾರದು, ಅವು ಒಣಗಬಹುದು. ನಡುವಿನ ಸುಳಿಯನ್ನು ನೋಡಿರಿ. ಅದು ಹಸುರಾಗಿ ಬಿಗಿಯಾಗಿದ್ದರೆ ಜೀವವಿದೆಯೆಂದು ತಿಳಿದು ಕಾಯಬೇಕು. ಮೆಲ್ಲನೆ ಹಿಡಿದೊಡನೆ ಕಳಚಿಬಂದು ದುರ್ಗಂಧ ಬೀರಿದರೆ ಮಾತ್ರ ಸುಳಿ ಕೊಳೆತಿದೆಯೆಂದು ಅರಿಯತಕ್ಕದ್ದು.

ಅತಿಯಾದ ಉಪಚಾರವೂ ಅಪಚಾರವೇ. ನೆರಳು, ಹಿತವಾದ ನೀರು, ಅಲುಗದ ನೆಲೆ ಇಷ್ಟನ್ನು ಒದಗಿಸುವುದು ನಮ್ಮ ಕಾಯಕ. ಬೇರೂರುವುದು ಸಸಿಯ ಕಾರ್ಯ. ಅದಕ್ಕೆ ಬೇಕಾದ ಕಾಲವನ್ನು ಕೊಡುವ ತಾಳ್ಮೆಯು ಗೃಹಸ್ಥನಲ್ಲಿರಬೇಕು.